ಒಂಬತ್ತು ಗಿಡ ಕಡಿಮೆ

ವಾರಕ್ಕೆ ಎರಡೇ ಬಸ್ಸು, ಮಂಗಳವಾರ ಒಂದು, ಶುಕ್ರವಾರ ಒಂದು.
ಇಳಿದವಳು ನಾನೊಬ್ಬಳೇ. ಚಾಲಕ ನನ್ನ ಚೀಲ
ಹುಲ್ಲಿನ ಮೇಲಿಟ್ಟು ಹೊರಟುಹೋದ ಮೇಲೆ
ಕಿವಿಗೆ ಏನೋ ಆಯಿತೆಂದುಕೊಂಡೆ.
ಆಮೇಲೆ ಒಂದು ಕುರಿ ಕೆಮ್ಮಿತು, ಥೇಟ್ ಮನುಷ್ಯರ ಹಾಗೆ.

ಅಹಡ್ರೋಮ್. ಎಣಿಸಿದರೆ ಹನ್ನೊಂದು ಮನೆ,
ಹೊಗೆ ಏಳುವುದು ಐದರಲ್ಲಿ.
ಕೆಂಪು ಟೆಲಿಫೋನ್ ಗೂಡಿನಲ್ಲಿ ಫೋನಿಲ್ಲ,
ಮೊಟ್ಟೆ ಮಾರಾಟಕ್ಕಿದೆ; ಮಾರುವವರಿಲ್ಲ,
ಒಂದು ತಗಡಿನ ಡಬ್ಬ, ಆರಕ್ಕೆ ಎರಡು ಪೌಂಡ್ ಎಂದು ಪೆನ್ಸಿಲಿನಲ್ಲಿ.
ಪಕ್ಕದ ಕಲ್ಲುಕಂಬದ ಮೇಲೆ ಯುದ್ಧಕ್ಕೆ ಹೋದವರ ಹೆಸರು:
ಹತ್ತೊಂಬತ್ತು. ಮೊಟ್ಟೆ ಕೊಳ್ಳುವವರಿಗಿಂತ ಹೆಚ್ಚು.

ಸುತ್ತ ಕಾಡು. ಕಾಡೆಂದರೆ ಬಾಚಣಿಗೆ ಎಳೆದಂಥ ಕಾಡು,
ಸಾಲಿಗೆ ಸಾಲು ಸ್ಪ್ರೂಸ್, ಹಕ್ಕಿಯೂ ದಾರಿ ಕೇಳಿ ಒಳಹೋಗಬೇಕು.
ಅದರಾಚೆ ಬೆಟ್ಟವಿದೆಯಂತೆ. ನಾನಿದ್ದಷ್ಟು ದಿನವೂ
ಮಂಜು ಅದನ್ನು ಮಡಿಯಲ್ಲಿಟ್ಟಿತ್ತು.

'ಎಷ್ಟು ಶಾಂತ, ನಿಮ್ಮೂರು' ಅಂದೆ,
ಬಂದವರೆಲ್ಲ ಅನ್ನುವ ಹಾಗೆ.
ಓಯ್ರಿಕ್, ನಾನು ಉಳಿದ ಮನೆಯೊಡತಿ,
ಓಟ್ಸ್ ರೊಟ್ಟಿ ಮಗುಚುತ್ತ, ತಲೆಯೆತ್ತದೆ ಅಂದಳು:
'ಶಾಂತಿ ಬೇರೆ. ಸದ್ದು ಮಾಡುವವರಿಲ್ಲದಿರುವುದು ಬೇರೆ.
ಸಕ್ಕರೆ ಎಷ್ಟು?'

ಮರುದಿನ ಅವಳ ತಮ್ಮ ಟಾರ್ಕ್ವಿಲ್ ಕಾಡಿಗೆ ಕರೆದೊಯ್ದ,
ನಡುಮಧ್ಯಾಹ್ನ, ಕೈಯಲ್ಲಿ ಟಾರ್ಚು.
ಒಳಗೆ ನೆಲವೆಲ್ಲ ಕಂದು ಸೂಜಿ,
ಹೆಜ್ಜೆಯ ಸದ್ದನ್ನು ಅಲ್ಲೇ ನುಂಗುವ ನೆಲ.
'ಇದು ಆಲೂಗಡ್ಡೆ ಪಾತಿ' ಎಂದ, ಕಾಲಡಿಯ ಏರಿಳಿತ ತೋರಿಸಿ.
'ಇದು ದನದ ದೊಡ್ಡಿ. ಇದು ಮಾರ್ಸಲೀಯ ಬಾವಿ, ಜೋಪಾನ.'
ಬೆಳಕು ಪಾಚಿಯಿಂದ ಪಾಚಿಗೆ ನೆಗೆಯುತ್ತಿತ್ತು.
ಹದಿನಾರರ ವಯಸ್ಸಿಗೆ ಈ ಮರ ನೆಟ್ಟವರಲ್ಲಿ ತಾನೂ ಒಬ್ಬ;
ನೂರು ಗಿಡಕ್ಕೆ ಇಷ್ಟು ಶಿಲಿಂಗ್ ಎಂದು ಕೂಲಿ.
ನಕ್ಷೆಯಲ್ಲಿ ಊರಿನ ಮೇಲ್ಭಾಗ ಬರೀ ಹಸಿರು ಬಣ್ಣ,
ಗುದ್ದಲಿ ಹಾಕಿದಲ್ಲೆಲ್ಲ ಯಾರದೋ ಅಂಗಳ.

ನಡೆದು ನಡೆದು, ತಟ್ಟನೆ ಟಾರ್ಚು ಆರಿಸಿದ.
ಬೆಳಕು.
ಕೋಣೆಯಷ್ಟಗಲ, ಮೇಲಿಂದ ನೇರ ಇಳಿದದ್ದು.
ಮೊಣಕಾಲೆತ್ತರದ ಗೋಡೆ, ಸವೆದ ಹೊಸ್ತಿಲು,
ಒಲೆಗಲ್ಲಿನ ಬಿರುಕಿಂದ ಒಂದು ರೋವನ್ ಮರ,
ಯಾರೂ ನೆಡದ್ದು, ಕೆಂಪು ಹಣ್ಣು ಹೊತ್ತು ನಿಂತಿತ್ತು.
'ಅಜ್ಜಿಯ ಮನೆ. ಒಳಗೆ ನೆಡಲಿಲ್ಲ ನಾನು.
ಮೇಸ್ತ್ರಿ ಎಣಿಸಿ, ಒಂಬತ್ತು ಗಿಡ ಕಡಿಮೆ ಎಂದು ಕೂಲಿ ಮುರಿದ.
ಅವು ಎಲ್ಲಿ ಹೋದವು ಅಂತ ಕೇಳಲಿಲ್ಲ.'
'ಎಲ್ಲಿ ಹೋದವು?'
'ಹೊಳೆಗೆ.' ನಕ್ಕ,
ಅರವತ್ತೆಂಟು ವರ್ಷ ಹಳೆಯ ಕಳ್ಳನಗು.

ನನ್ನ ಕೈ ಆಗಲೇ ಬೂಟಿನ ಲಾಡಿಗೆ ಹೋಗಿತ್ತು, ಅಭ್ಯಾಸಬಲ.
ಅವನೂ, ತೊಲೆಯಿಲ್ಲದ ಆ ಬಾಗಿಲಲ್ಲಿ
ತಲೆ ತಗ್ಗಿಸಿಯೇ ದಾಟಿದ.

ಕೊನೆಯ ಸಂಜೆ ಓಯ್ರಿಕ್ ಅರಣ್ಯ ಇಲಾಖೆಯ ಕಾಗದ ತೋರಿಸಿದಳು:
ಮರ ಬಲಿತಿವೆ, ಇನ್ನು ಮೂರು ವರ್ಷಕ್ಕೆ ಕಟಾವು.
'ಆಗ ಅಡುಗೆಮನೆ ಕಿಟಕಿಗೆ ಬೆಟ್ಟ ವಾಪಸು ಬರುತ್ತದೆ.'
ಅದರ ಹೆಸರು ಹೇಳಿಕೊಟ್ಟಳು, ಗ್ಯಾಲಿಕ್ಕಿನಲ್ಲಿ, ಗಂಟಲಿನ ತಳದಿಂದ;
ನನ್ನ ಬಾಯಲ್ಲಿ ಎರಡು ಸಲ ಮುಗ್ಗರಿಸಿತು.
ಕಂದು ಹಸುವಿನ ಬೆನ್ನು ಅಂತ ಅರ್ಥವಂತೆ.
'ನನಗೀಗ ಎಂಬತ್ತೆಂಟು' ಎಂದಳು, ದೂರಿನಂತಲ್ಲ, ಲೆಕ್ಕದಂತೆ;
ಎದ್ದು, ವಿನೆಗರ್ ಅದ್ದಿದ ಹಳೇ ಪೇಪರಿನಿಂದ
ಗಾಜು ಒರೆಸತೊಡಗಿದಳು, ಮೂಲೆ ಮೂಲೆ ಬಿಡದೆ.
ಹೊರಗೆ ಬರೀ ಸ್ಪ್ರೂಸ್,
ಗಾಜಿಗೆ ಮೂಗು ತಾಗುವಷ್ಟು ಹತ್ತಿರ.

ಶುಕ್ರವಾರದ ಬಸ್ಸು. ಮಡಿಲಲ್ಲಿ ಆರು ಮೊಟ್ಟೆ.
'ಬೆಟ್ಟ ಕಂಡಿತೇ?' ಚಾಲಕ ಕೇಳಿದ.
'ಇಲ್ಲ. ಒಂದು ಮನೆ ನೋಡಿದೆ.'
'ಯಾರ ಮನೆ?'
ಅಷ್ಟರಲ್ಲಿ ತಿರುವು ಬಂತು,
ಮೊಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.